ಕಿತ್ತಳೆ ಫ್ಲೇವರ್‌ನ ಕ್ರ್ಯಾನ್‌ಬೆರಿ ಸಿಗದಿದ್ದಾಗ ನಮ್ಮ ಮನೂಕವನ್ನು ಕೇಕಿಗೆ ಹೊಂದಿಸುವುದು ಹೇಗೆ?

ಪ್ರಶ್ನೆ: ನಾವು ವಿಜಯಪುರದವರು. ತಿಕೋಟಾ ಕಡೆಯ ಬೀಗರ ಮನೆಯಿಂದ ವರ್ಷಕ್ಕಾಗುವಷ್ಟು ಮನೂಕ (ಒಣದ್ರಾಕ್ಷಿ) ಬರುತ್ತದೆ. ಮೊನ್ನೆ ಒಂದು ಕೇಕಿನ ಅಳತೆಯಲ್ಲಿ ಕಿತ್ತಳೆ ಫ್ಲೇವರ್ ಇರುವ ಒಣ ಕ್ರ್ಯಾನ್‌ಬೆರಿ 150 ಗ್ರಾಂ ಎಂದಿತ್ತು. ಇಲ್ಲಿ ಎಲ್ಲೂ ಸಿಗಲಿಲ್ಲ. ಅಷ್ಟೇ ತೂಕದ ಮನೂಕವನ್ನು ಅರ್ಧ ಕಪ್ ಆರೆಂಜ್ ಸ್ಕ್ವ್ಯಾಶ್‌ನಲ್ಲಿ ರಾತ್ರಿಯಿಡೀ ನೆನೆಸಿ, ಉಳಿದ ರಸದ ಸಮೇತ ಹಿಟ್ಟಿಗೆ ಸುರಿದೆ. ಮನೂಕವೆಲ್ಲ ತಳಕ್ಕೆ ಕೂತವು, ಸುತ್ತಲೂ ಬೇಯದ ಹಿಟ್ಟಿನ ಹಾಗೆ ಅಂಟಂಟು, ಕಿತ್ತಳೆ ವಾಸನೆ ಮಾತ್ರ ಎಳ್ಳಷ್ಟೂ ಇಲ್ಲ. ಇನ್ನೊಂದು, ಪುಣೆಯಿಂದ ಅಳಿಯ ತಂದ ಸ್ಟ್ರಾಬೆರಿ ಫ್ಲೇವರ್‌ನ ಕ್ರ್ಯಾನ್‌ಬೆರಿ ಪ್ಯಾಕೆಟ್ ಮನೆಯಲ್ಲಿದೆ. ನಾನಖಟಾಯಿಗೆ, ಬನ್ನಿಗೆ ಮನೂಕದ ಬದಲು ಅದನ್ನು ಹಾಕಬಹುದೇ?

ಉತ್ತರ:

ನಿಮ್ಮ ಮನೂಕದಲ್ಲಿ ತಪ್ಪಿಲ್ಲ. ಕೇಕ್ ಕೆಡಿಸಿದ್ದು ಸ್ಕ್ವ್ಯಾಶ್.

ಫ್ಲೇವರ್ ಹಾಕಿದ ಒಣಹಣ್ಣು ನೋಡಲು ಒಂದೇ ವಸ್ತು, ಆದರೆ ಕೇಕಿನಲ್ಲಿ ಮೂರು ಕೆಲಸ ಮಾಡುತ್ತದೆ. ಹಲ್ಲಿಗೆ ಸಿಕ್ಕಿ ಜಗಿಯುವಂತಿರುವುದು ಒಂದು, ನಾಲಿಗೆಗೆ ಹುಳಿ-ಸಿಹಿ ಕೊಡುವುದು ಇನ್ನೊಂದು, ಮೂಗಿಗೆ ವಾಸನೆ ಕೊಡುವುದು ಮೂರನೆಯದು. ಬದಲಿ ಹುಡುಕುವಾಗ ಈ ಮೂರನ್ನೂ ಒಂದೇ ಹಣ್ಣಿನೊಳಗೆ ತುಂಬಲು ಹೋದರೆ ಕೈ ಸುಡುತ್ತದೆ. ಜಗಿತವನ್ನು ಮನೂಕ ಕೊಡಲಿ, ಹುಳಿಯನ್ನು ಲಿಂಬೆ ಅಥವಾ ನೆಲ್ಲಿಕಾಯಿ ಕೊಡಲಿ. ವಾಸನೆಯನ್ನು ಹಣ್ಣಿಗಲ್ಲ, ಹಿಟ್ಟಿನಲ್ಲಿರುವ ಬೆಣ್ಣೆಗೆ ಹಿಡಿಸಿ.

ವಾಸನೆಯಿಂದಲೇ ಶುರು ಮಾಡೋಣ, ಬಹಳ ಜನ ಎಡವುವುದು ಇಲ್ಲೇ. ಕಿತ್ತಳೆಯ ಘಮ ಇರುವುದು ರಸದಲ್ಲಲ್ಲ, ಸಿಪ್ಪೆಯ ಹೊರಮೈಯಲ್ಲಿ. ಸಿಪ್ಪೆಯ ಚೂರೊಂದನ್ನು ಉರಿಯುವ ದೀಪದ ಹತ್ತಿರ ಹಿಡಿದು, ಹೊರಮೈ ಜ್ವಾಲೆಯ ಕಡೆ ಇರುವಂತೆ ಎರಡು ಬೆರಳಲ್ಲಿ ಮಡಚಿ ಹಿಚುಕಿ. ಸಣ್ಣ ತುಂತುರು ಹಾರಿ ಚಟಪಟ ಎಂದು ಕಿಡಿ ಹೊತ್ತುತ್ತದೆ. ನೀರಾಗಿದ್ದರೆ ಜ್ವಾಲೆ ಕುಗ್ಗಬೇಕಿತ್ತು. ಅದು ಎಣ್ಣೆ, ಅದರ ಬಹುಪಾಲು ಲಿಮೊನೀನ್ ಎಂಬ ದ್ರವ್ಯ. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ, ಬೆಣ್ಣೆ-ತುಪ್ಪದಲ್ಲಿ ಕರಗುತ್ತದೆ. ನೀರಿನಂಥ ರಸದಲ್ಲಿ ಎಷ್ಟು ನೆನೆಸಿದರೂ ಮನೂಕ ಹೀರುವುದು ಸಿಹಿ-ಹುಳಿಯನ್ನೇ ಹೊರತು ಘಮವನ್ನಲ್ಲ. ಬಾಟಲಿ ಸ್ಕ್ವ್ಯಾಶ್‌ನ ವಾಸನೆ ಬಹುತೇಕ ಹೊರಗಿನಿಂದ ಸೇರಿಸಿದ ಎಸೆನ್ಸಿನದು. ತಣ್ಣೀರಿಗೆ ಬೆರೆಸಿ ಕುಡಿದಾಗ ಅದು ಚೆನ್ನಾಗಿ ತಿಳಿಯುತ್ತದೆ. ಐವತ್ತು ನಿಮಿಷ ಓವನ್ನಿನಲ್ಲಿ ಕೂತರೆ ಅಡುಗೆಮನೆಯೆಲ್ಲ ಘಮಘಮ, ಕೇಕಿನಲ್ಲಿ ಏನೂ ಉಳಿಯುವುದಿಲ್ಲ.

ಈಗ ತಳ ಸೇರಿದ ಮನೂಕದ ಮಾತು. ನಮ್ಮ ದೇಶದ ಆಹಾರ ನಿಯಮದಂತೆ ಸ್ಕ್ವ್ಯಾಶ್‌ನಲ್ಲಿ ಹಣ್ಣಿನ ರಸ ಕನಿಷ್ಠ ಶೇ. 25 ಇರಬೇಕು, ಕರಗಿದ ಘನಾಂಶ ಕನಿಷ್ಠ ಶೇ. 40. ಆ ಘನಾಂಶದ ಬಹುಪಾಲು ಸಕ್ಕರೆಯೇ. ಅಂದರೆ ಅರ್ಧ ಕಪ್, ಸುಮಾರು 125 ಮಿ.ಲೀ. ಸ್ಕ್ವ್ಯಾಶ್ ಸುರಿದಾಗ ಹಿಟ್ಟಿಗೆ ಹೆಚ್ಚುಕಡಿಮೆ 50 ಗ್ರಾಂ ಸಕ್ಕರೆ ಲೆಕ್ಕವಿಲ್ಲದೆ ಸೇರಿತು, ಜೊತೆಗೆ ನೀರೂ ಸೇರಿತು. ಸಕ್ಕರೆ ಹೆಚ್ಚಾದ ಹಿಟ್ಟು ತಡವಾಗಿ ಗಟ್ಟಿಯಾಗುತ್ತದೆ. ಮೈದಾದ ಪಿಷ್ಟ ಬೆಂದು ಬಿಗಿಯಾಗಲಿಕ್ಕೂ ಮೊಟ್ಟೆ ಗಟ್ಟಿಯಾಗಲಿಕ್ಕೂ ಇನ್ನಷ್ಟು ಹೆಚ್ಚಿನ ಬಿಸಿ ಬೇಕಾಗುತ್ತದೆ. ಅಷ್ಟು ಹೊತ್ತು ಹಿಟ್ಟು ತೆಳ್ಳಗೇ ಇರುತ್ತದೆ, ಭಾರದ ಹಣ್ಣು ಜಾರಿ ಇಳಿಯುತ್ತದೆ. ಇನ್ನೊಂದು ಸಂಗತಿ: ದಪ್ಪ ಸಕ್ಕರೆ ನೀರನ್ನು ಮನೂಕ ಬೇಗ ಹೀರುವುದಿಲ್ಲ. ಒಳಗೆ ಹೋಗದ ಪಾಕ ಮೈಮೇಲೆಯೇ ನಿಂತು, ಹಣ್ಣಿನ ಸುತ್ತಲಿನ ಹಿಟ್ಟನ್ನು ಬೇಯಲು ಬಿಡುವುದಿಲ್ಲ. ನೀವು ಕಂಡ ಅಂಟು ಉಂಗುರ ಅದೇ. ಕೇಕನ್ನು ಕತ್ತರಿಸಿದಾಗ ಮನೂಕದ ಸುತ್ತ ಗಾಜಿನಂತೆ ಹೊಳೆಯುವ ಕಂದು ಬಳೆ ಕಂಡರೆ ಅದು ಸಕ್ಕರೆ ಮತ್ತು ನೀರು ಒಂದೇ ಕಡೆ ಸೇರಿದ್ದರ ಗುರುತು. ಇನ್ನೂ ಹತ್ತು ನಿಮಿಷ ಬೇಯಿಸಿದ್ದರೆ ಸರಿಹೋಗುತ್ತಿತ್ತು ಎಂದುಕೊಳ್ಳಬೇಡಿ, ಮೇಲ್ಮೈ ಕರಕಲಾಗುತ್ತಿತ್ತು ಅಷ್ಟೇ.

ಹಾಗಾದರೆ ಬದಲಿ ಲೆಕ್ಕ ಹೇಗೆ? ಕ್ರ್ಯಾನ್‌ಬೆರಿ ಹುಟ್ಟಾ ಬಹಳ ಹುಳಿ ಹಣ್ಣು. ಹಾಗೆಯೇ ಒಣಗಿಸಿದರೆ ತಿನ್ನಲಾಗುವುದಿಲ್ಲ, ಅದಕ್ಕೇ ಸಕ್ಕರೆ ಪಾಕದಲ್ಲಿ ನೆನೆಸಿ ಒಣಗಿಸುತ್ತಾರೆ. ಪ್ಯಾಕೆಟ್ಟಿಗೆ ಬರುವ ಹೊತ್ತಿಗೆ ತೂಕದ ಮೂರರಲ್ಲಿ ಎರಡು ಪಾಲಿನಷ್ಟು ಸಕ್ಕರೆಯೇ ಇರುತ್ತದೆ. ಮನೂಕದಲ್ಲಿ 100 ಗ್ರಾಂಗೆ ಸುಮಾರು 60ರಿಂದ 65 ಗ್ರಾಂ, ಎಲ್ಲವೂ ದ್ರಾಕ್ಷಿಯದೇ ಸಕ್ಕರೆ. ಸಿಹಿಯ ಲೆಕ್ಕದಲ್ಲಿ ಎರಡೂ ಹತ್ತಿರ ಹತ್ತಿರ ಇರುವುದರಿಂದ ತೂಕಕ್ಕೆ ತೂಕ ಹಾಕಬಹುದು. ಕೊರತೆ ಬೀಳುವುದು ಹುಳಿಯಲ್ಲಿ. ಆ ಹುಳಿ ತುಂಬದಿದ್ದರೆ ಕೇಕ್ ಬರೇ ಸಪ್ಪೆ ಸಿಹಿ ಆಗುತ್ತದೆ, ಕಿತ್ತಳೆಯ ಘಮವೂ ಎದ್ದು ಕಾಣುವುದಿಲ್ಲ. ಹುಳಿ ಇದ್ದರೇ ಕಿತ್ತಳೆ ಕಿತ್ತಳೆ ಅನ್ನಿಸುವುದು.

ನಿಮ್ಮ ಕಡೆಯ ಹಸಿರು-ಹಳದಿ ಮನೂಕದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಬೇರೆ ಊರಿನ ಅಳತೆಗಳು ಬಹುತೇಕ ಬಿಸಿಲಲ್ಲಿ ಒಣಗಿಸಿದ ಕಂದು ಮನೂಕಕ್ಕೆ ಬರೆದವು. ತಿಕೋಟಾ, ಬಬಲೇಶ್ವರ ಭಾಗದಲ್ಲಿ ಬೀಜವಿಲ್ಲದ ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ನೆರಳಲ್ಲಿ ಬಲೆಯ ಮೇಲೆ ಎರಡು ವಾರದ ಆಸುಪಾಸು ಒಣಗಿಸುತ್ತಾರೆ. ಅದ್ದುವುದರಿಂದ ದ್ರಾಕ್ಷಿಯ ಮೈಮೇಲಿನ ಮೇಣದ ಪೊರೆ ಸಡಿಲಾಗಿ ನೀರು ಬೇಗ ಹೊರಬೀಳುತ್ತದೆ. ನಾಲ್ಕು ಕಿಲೋ ದ್ರಾಕ್ಷಿಗೆ ಒಂದು ಕಿಲೋ ಮನೂಕ. ಬಣ್ಣ ಕಂದದಿರಲಿ ಎಂದು ಗಂಧಕದ ಹೊಗೆ ಕೊಟ್ಟ ಮಾಲೂ ಇರುತ್ತದೆ. ಅದನ್ನು ಬಿಸಿನೀರಿಗೆ ಹಾಕಿದಾಗ ಕಡ್ಡಿ ಗೀರಿದಂಥ ಘಾಟು ಬಂದರೆ ಗಂಧಕವೆಂದು ತಿಳಿಯಿರಿ. ಆ ಘಾಟು ಕಿತ್ತಳೆಯಂಥ ನವಿರು ವಾಸನೆಯನ್ನು ತುಳಿದು ಹಾಕುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷದಂತೆ ಎರಡು ಸಲ ತೊಳೆದು, ಟವೆಲ್ ಮೇಲೆ ಹರವಿ ಒರೆಸಿ, ಫ್ಯಾನಿನ ಕೆಳಗೆ ಅರ್ಧ ಗಂಟೆ ಇಡಿ. ಮನೆಯಲ್ಲಿ ದಮ್ಮು ಇರುವವರಿದ್ದರೆ ಗಂಧಕ ಹಾಕಿದ ಮಾಲನ್ನು ಬಿಟ್ಟು ಕಪ್ಪು ಮನೂಕವನ್ನೇ ಬಳಸುವುದು ಒಳ್ಳೆಯದು. ಕೆಲವರಿಗೆ ಗಂಧಕದಿಂದ ಉಬ್ಬಸ ಎದ್ದೀತು. ಕೊಳ್ಳುವಾಗ ಕೇಳಿ, ಪ್ಯಾಕೆಟ್ ಇದ್ದರೆ ಐ.ಎನ್.ಎಸ್. 220 ಎಂದು ಬರೆದಿದೆಯೇ ನೋಡಿ. ಐ.ಎನ್.ಎಸ್. ಎಂದರೆ ಆಹಾರಕ್ಕೆ ಸೇರಿಸುವ ವಸ್ತುಗಳಿಗೆ ಕೊಟ್ಟ ಅಂತರರಾಷ್ಟ್ರೀಯ ಸಂಖ್ಯೆ, 220 ಈ ಗಂಧಕದ್ದು.

ಇನ್ನು ಅಳತೆ. 150 ಗ್ರಾಂ ಕಿತ್ತಳೆ ಫ್ಲೇವರ್‌ನ ಕ್ರ್ಯಾನ್‌ಬೆರಿಯ ಬದಲು 110 ಗ್ರಾಂ ಮನೂಕ, 40 ಗ್ರಾಂ ಸಿಹಿ ನೆಲ್ಲಿಕಾಯಿ ಕ್ಯಾಂಡಿ ತೆಗೆದುಕೊಳ್ಳಿ. ಉಪ್ಪು, ಮಸಾಲೆ ಹಚ್ಚಿದ ನೆಲ್ಲಿಕಾಯಿ ಬೇಡ, ಬರೀ ಸಕ್ಕರೆಯದು. ಅದನ್ನು ಕಡಲೆಬೇಳೆ ಗಾತ್ರಕ್ಕೆ ಹೆಚ್ಚಿಕೊಳ್ಳಿ. ನೆಲ್ಲಿಕಾಯಿಯ ಹುಳಿಯಲ್ಲಿ ಸಣ್ಣ ಒಗರಿದೆ, ಕ್ರ್ಯಾನ್‌ಬೆರಿಯಲ್ಲೂ ಅದೇ ಬಗೆಯ ಒಗರಿದೆ. ನಮ್ಮಲ್ಲಿ ಸಿಗುವ ಹಣ್ಣುಗಳಲ್ಲಿ ಇದಕ್ಕಿಂತ ಹತ್ತಿರದ ಜೋಡಿ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬೆಳಗಾವಿಯವರಿಗೆ ಇನ್ನೊಂದು ದಾರಿ ಇದೆ. ಬೇಸಿಗೆಯಲ್ಲಿ ಖಾನಾಪುರದ ಕಾಡಿನ ಕಡೆಯಿಂದ ಕವಳಿಹಣ್ಣು ಪೇಟೆಗೆ ಬರುತ್ತದೆ. ಅದನ್ನು ಸೀಳಿ ಬೀಜ ತೆಗೆದು ಸಕ್ಕರೆ ಪಾಕದಲ್ಲಿ ಕುದಿಸಿ ಒಣಗಿಸಿಟ್ಟರೆ ಹುಳಿಗೆ ಹುಳಿ, ಬಣ್ಣಕ್ಕೆ ಬಣ್ಣ. ಬೇಕರಿ ಕೇಕಿನ ಮೇಲೆ ಕೂರುವ ಕೆಂಪು 'ಚೆರ್ರಿ' ಎಷ್ಟೋ ಸಲ ಬಣ್ಣ ಹಾಕಿ ಪಾಕ ಹಿಡಿಸಿದ ಕವಳಿಕಾಯಿಯೇ. ನೆಲ್ಲಿಕಾಯಿ, ಕವಳಿ ಎರಡೂ ಇಲ್ಲದಿದ್ದರೆ ಪೂರ್ತಿ 150 ಗ್ರಾಂ ಮನೂಕ ಹಾಕಿ ಲಿಂಬೆಯಿಂದ ಹುಳಿ ತುಂಬಿ.

ಎರಡು ಸಂತ್ರಾ ಹಣ್ಣು ಬೇಕು. ನಾಗಪುರ ಸಂತ್ರಾದ ಸಿಪ್ಪೆ ಸಡಿಲ, ತುರಿಯುವಾಗ ಕುಸಿಯುತ್ತದೆ. ತುರಿಯುವ ಮುಂಚೆ ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಮೈ ಬಿಗಿಯಾಗುತ್ತದೆ. ಕಿನ್ನೋ ಎಂಬ ಕಿತ್ತಳೆ ಜಾತಿ ಸಿಕ್ಕರೆ ಇನ್ನೂ ಸುಲಭ, ಅದರ ಸಿಪ್ಪೆ ಹಣ್ಣಿಗೆ ಅಂಟಿಕೊಂಡಿರುತ್ತದೆ, ಆದರೆ ಮೇಣ ಹಚ್ಚಿರುವ ಸಂಭವ ಹೆಚ್ಚು. ಬಿಸಿನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ. ಸಿಪ್ಪೆ ಸುಲಿಯುವ ಮುಂಚೆಯೇ, ಇಡೀ ಹಣ್ಣನ್ನೇ ತುರಿಮಣೆಯ ಅತಿ ಸಣ್ಣ ಕಣ್ಣಿನ ಮೇಲೆ ಹಗುರವಾಗಿ ಆಡಿಸಿ. ಒಂದೇ ಜಾಗದಲ್ಲಿ ಎರಡನೇ ಸಲ ತುರಿಯಬೇಡಿ. ಕಿತ್ತಳೆ ಬಣ್ಣ ಹೋಗಿ ಬಿಳಿ ಕಂಡ ಕೂಡಲೇ ಹಣ್ಣು ತಿರುಗಿಸಿ. ಆ ಬಿಳಿ ಭಾಗ ಕಹಿ, ಬೆಂದ ಮೇಲೆ ಇನ್ನೂ ಎದ್ದು ಬರುತ್ತದೆ. ಎರಡು ಹಣ್ಣಿಗೆ ಎರಡು ಟೀ ಚಮಚದಷ್ಟು ತುರಿ ಸಿಗುತ್ತದೆ. ಮೋಸಂಬಿ ಸಿಪ್ಪೆ ಇದಕ್ಕೆ ಆಗಿಬರುವುದಿಲ್ಲ, ವಾಸನೆ ಬೇರೆ, ಕಹಿ ಜಾಸ್ತಿ.

ಈ ತುರಿಯನ್ನು ನೇರವಾಗಿ ಹಿಟ್ಟಿಗೆ ಉದುರಿಸಬೇಡಿ. ಕೇಕಿನ ಸಕ್ಕರೆಯನ್ನು ಅಗಲ ಪಾತ್ರೆಯಲ್ಲಿ ಹಾಕಿ, ಅದರ ಮೇಲೆ ತುರಿ ಉದುರಿಸಿ, ಬೆರಳ ತುದಿಯಲ್ಲಿ ಎರಡು ನಿಮಿಷ ತಿಕ್ಕಿ. ಸಕ್ಕರೆಯ ಚೂಪು ಹರಳು ಸಿಪ್ಪೆಯ ಎಣ್ಣೆಚೀಲಗಳನ್ನು ಹರಿಯುತ್ತದೆ. ಮೊದಲು ಬಿಳಿ ಸಕ್ಕರೆಯಲ್ಲಿ ಚುಕ್ಕೆ ಚುಕ್ಕೆ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಚುಕ್ಕೆ ಮಾಯವಾಗಿ ಸಕ್ಕರೆಯೆಲ್ಲ ತೆಳು ಕೇಸರಿಗೆ ತಿರುಗಿ, ಮುಷ್ಟಿಯಲ್ಲಿ ಹಿಡಿದರೆ ಒದ್ದೆ ಮರಳಿನ ಹಾಗೆ ಉಂಡೆ ಕಟ್ಟುತ್ತದೆ. ಅಲ್ಲಿಗೆ ಎಣ್ಣೆ ಹೊರಬಂದಿತು. ಇದೇ ಸಕ್ಕರೆಯನ್ನು ಬೆಣ್ಣೆಯ ಜೊತೆ ನೊರೆ ಬರುವಂತೆ ತಿರುವಿದಾಗ ಎಣ್ಣೆ ಬೆಣ್ಣೆಯೊಳಗೆ ಕರಗಿ ಕೂರುತ್ತದೆ, ಓವನ್ನಿನ ಬಿಸಿಗೆ ಅಷ್ಟು ಸುಲಭವಾಗಿ ಹಾರಿಹೋಗುವುದಿಲ್ಲ.

ತುರಿದ ಹಣ್ಣಿನ ರಸವನ್ನೂ ಬಿಡಬೇಡಿ. 100 ಮಿ.ಲೀ. ರಸ ಹಿಂಡಿ, ಬೀಜ ಸೋಸಿ, ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ 30 ಮಿ.ಲೀ.ಗೆ ಬತ್ತಿಸಿ. ಅಂದರೆ ಎರಡು ದೊಡ್ಡ ಚಮಚ. ಒಲೆಯಿಂದ ಇಳಿಸಿದ ಮೇಲೆ ಒಂದು ಟೀ ಚಮಚ ಲಿಂಬೆ ರಸ ಸೇರಿಸಿ. ನೆಲ್ಲಿಕಾಯಿ ಇಲ್ಲದೆ ಬರೀ ಮನೂಕ ಹಾಕುವುದಾದರೆ ಎರಡು ಟೀ ಚಮಚ ಲಿಂಬೆ ರಸ, ಜೊತೆಗೆ ಅರ್ಧ ಲಿಂಬೆಯ ಸಿಪ್ಪೆ ತುರಿಯನ್ನೂ ಸಕ್ಕರೆಗೆ ತಿಕ್ಕಿ. ಇಂಡಿ ಲಿಂಬೆ ನಿಮ್ಮ ಮನೆಬಾಗಿಲಲ್ಲೇ ಇರುವಾಗ ಬಾಟಲಿಯ ಲಿಂಬೆ ರಸದ ಕಡೆ ನೋಡಲೇಬೇಡಿ. ಈ ರಸವನ್ನು ಬಿಸಿ ಇರುವಾಗಲೇ ತೊಳೆದು ಒಣಗಿಸಿದ ಮನೂಕದ ಮೇಲೆ ಸುರಿದು, ಮುಚ್ಚಳ ಹಾಕಿ, ಒಂದು ಗಂಟೆ ಬಿಡಿ. ನಡುವೆ ಎರಡು ಸಲ ಡಬ್ಬಿ ಕುಲುಕಿಸಿ. ರಾತ್ರಿಯಿಡೀ ಬೇಡ. ನೆಲ್ಲಿಕಾಯಿ ಚೂರನ್ನು ಈ ರಸಕ್ಕೆ ಹಾಕಬೇಡಿ, ಅದರ ಸಕ್ಕರೆ ಕರಗಿ ಜಿಗುಟಾಗುತ್ತದೆ, ಕೊನೆಗೆ ಸೇರಿಸಿದರೆ ಸಾಕು.

ನೆನೆಸಲೇಬೇಕೇ ಎಂದು ಕೇಳಿದರೆ, ಮನೂಕ ಹೇಗಿದೆ ನೋಡಿ. ಏಪ್ರಿಲ್ ಬಿಸಿಲಲ್ಲಿ ವಿಜಯಪುರದ ಮನೆಯಲ್ಲಿಟ್ಟ ಮನೂಕ ಒಣಗಿ ಕಲ್ಲಾಗಿರುತ್ತದೆ. ಅದನ್ನು ಹಾಗೇ ಹಾಕಿದರೆ ಕೇಕಿನೊಳಗಿನ ನೀರನ್ನೇ ಅದು ಎಳೆದುಕೊಳ್ಳುತ್ತದೆ, ಮರುದಿನ ಕೇಕ್ ಪುಡಿಪುಡಿಯಾಗುತ್ತದೆ. ಅದೇ ಮನೂಕ ಬೆಳಗಾವಿಯ ಮಳೆಗಾಲದಲ್ಲಿ ಗಾಳಿಯ ತೇವ ಕುಡಿದು ತಾನಾಗಿಯೇ ಮೆತ್ತಗಿರುತ್ತದೆ. ಒಂದು ಮನೂಕವನ್ನು ಹೆಬ್ಬೆರಳು-ತೋರುಬೆರಳ ನಡುವೆ ಒತ್ತಿ ಬಿಡಿ. ಒತ್ತಿದ ಗುರುತು ನಿಧಾನವಾಗಿ ತುಂಬಿಕೊಂಡರೆ ಹದ ಸರಿ ಇದೆ, ಅಂಥದ್ದಕ್ಕೆ ಅರ್ಧದಷ್ಟು ರಸ, ಹದಿನೈದು ನಿಮಿಷ ಸಾಕು. ಒತ್ತಲಿಕ್ಕೇ ಆಗದಷ್ಟು ಗಟ್ಟಿಯಾಗಿದ್ದರೆ ಪೂರ್ತಿ ರಸ, ಪೂರ್ತಿ ಒಂದು ಗಂಟೆ. ತೂಕವನ್ನು ಮಾತ್ರ ಯಾವಾಗಲೂ ತೊಳೆಯುವ, ನೆನೆಸುವ ಮುಂಚೆಯೇ ನೋಡಬೇಕು. ನೆನೆದ ಮನೂಕವನ್ನು ತೂಗಿದರೆ ನೀರನ್ನೂ ಹಣ್ಣಿನ ಲೆಕ್ಕಕ್ಕೆ ಹಿಡಿದಂತಾಗುತ್ತದೆ.

ನೆನೆದ ಮೇಲೆ ಜರಡಿಗೆ ಹಾಕಿ ಹತ್ತು ನಿಮಿಷ ಬಿಡಿ. ಕೆಳಗೆ ಬಿದ್ದ ರಸವನ್ನು ಅಳೆದು, ಕೇಕಿನ ಹಾಲಿನಲ್ಲಿ ಅಷ್ಟನ್ನು ಕಡಿಮೆ ಮಾಡಿ, ಹಾಲಿನ ಬದಲಿಗೆ ಸೇರಿಸಿ. ಮನೂಕವನ್ನು ಟವೆಲ್ಲಿನಿಂದ ಒತ್ತಿ ಒರೆಸಿ. ಒಣಗಿದ ಕಾಗದದ ಮೇಲೆ ಒಂದು ಮನೂಕ ಇಟ್ಟು ಬೆರಳಲ್ಲಿ ಒತ್ತಿ ನೋಡಿ. ಕಾಗದದ ಮೇಲೆ ಒದ್ದೆ ಕಲೆ ಹರಡಿದರೆ ಇನ್ನೂ ಒರೆಸಬೇಕು. ಬರೀ ಅಂಟಿನ ಚುಕ್ಕೆ ಉಳಿದರೆ ಹಿಟ್ಟಿಗೆ ಹೋಗಬಹುದು.

ಇನ್ನು ಕೇಕ್. 20 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಬ್ರೆಡ್ ಟಿನ್ನಿಗೆ: ಮೈದಾ 200 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಚಿಟಿಕೆ ಉಪ್ಪು, ಸಕ್ಕರೆ 110 ಗ್ರಾಂ, ಬೆಣ್ಣೆ 100 ಗ್ರಾಂ, ಮೊಟ್ಟೆ ಎರಡು, ಹಾಲು 70 ಮಿ.ಲೀ. ಸಕ್ಕರೆ 120 ಗ್ರಾಂ ಹಾಕಬಹುದಿತ್ತು. ಬತ್ತಿಸಿದ ರಸದಲ್ಲೂ ನೆಲ್ಲಿಕಾಯಿಯಲ್ಲೂ ಇರುವ ಸಕ್ಕರೆಗಾಗಿ 10 ಗ್ರಾಂ ಇಳಿಸಿದ್ದು. ಸಿಪ್ಪೆ ತಿಕ್ಕಿದ ಸಕ್ಕರೆ, ಮೆತ್ತನೆಯ ಬೆಣ್ಣೆ ಸೇರಿಸಿ ಬಿಳಿಚಿ ಹಗುರಾಗುವವರೆಗೆ ನಾಲ್ಕೈದು ನಿಮಿಷ ತಿರುವಿ. ಬೆಣ್ಣೆ ಮೆತ್ತಗಿರಲಿ, ಕರಗಿ ಎಣ್ಣೆಯಾಗಿರಬಾರದು. ಬೇಸಿಗೆಯ ಮಧ್ಯಾಹ್ನದಲ್ಲಿ ನಿಮ್ಮಲ್ಲಿ ಅದು ಹತ್ತೇ ನಿಮಿಷದಲ್ಲಿ ಕರಗುತ್ತದೆ, ಆಗ ಬೆಳಿಗ್ಗೆ ಬೇಗ ಮಾಡುವುದೇ ಮೇಲು. ಕರಗಿದ ಬೆಣ್ಣೆಯ ಹಿಟ್ಟು ತೆಳ್ಳಗಾಗಿ ಮತ್ತೆ ಹಣ್ಣು ತಳಕ್ಕಿಳಿಯುತ್ತದೆ. ಮೊಟ್ಟೆ ಒಂದೊಂದಾಗಿ ಸೇರಿಸಿ. ಮೈದಾ, ಹಾಲು ಎರಡನ್ನೂ ಮೂರು ಕಂತಿನಲ್ಲಿ ಬದಲಿಸುತ್ತ ಹಾಕಿ, ಒಣ ಹಿಟ್ಟು ಕಾಣದಂತಾದ ಕೂಡಲೇ ಕಲಸುವುದು ನಿಲ್ಲಿಸಿ. ಚಮಚದಲ್ಲಿ ಎತ್ತಿ ಓರೆ ಮಾಡಿದರೆ ಹಿಟ್ಟು ದಾರದಂತೆ ಹರಿಯಬಾರದು, ಎರಡು ಮೂರು ಎಣಿಸುವಷ್ಟರಲ್ಲಿ ಗೊಪ್ಪೆಯಾಗಿ ಬೀಳಬೇಕು. ಈ ಹದವೇ ಹಣ್ಣನ್ನು ಮೇಲೆ ಹಿಡಿದು ನಿಲ್ಲಿಸುವುದು.

ಹಣ್ಣಿಗೆ ಮೈದಾ ಸವರಿದರೆ ತಳಕ್ಕೆ ಇಳಿಯುವುದಿಲ್ಲ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಅದು ಸ್ವಲ್ಪ ಮಟ್ಟಿಗೆ ಮಾತ್ರ ನಿಜ. ಅಂಟಿರುವ ಮೈಗೆ ಹಿಡಿತ ಕೊಟ್ಟು, ಒಂದಕ್ಕೊಂದು ಮೆತ್ತಿಕೊಳ್ಳದಂತೆ ನೋಡಿಕೊಳ್ಳುತ್ತದೆ, ತೆಳು ಹಿಟ್ಟನ್ನು ಗಟ್ಟಿ ಮಾಡಲಾರದು. ಸವರುವುದಾದರೆ ಅಳೆದಿಟ್ಟ 200 ಗ್ರಾಂನಿಂದಲೇ ಒಂದು ದೊಡ್ಡ ಚಮಚ ತೆಗೆದುಕೊಳ್ಳಿ, ಹೊರಗಿನಿಂದ ಸೇರಿಸಬೇಡಿ. ಇದಕ್ಕಿಂತ ಕೆಲಸ ಮಾಡುವ ಉಪಾಯ ಬೇರೆ ಇದೆ. ಹಿಟ್ಟಿನ ಮೂರನೇ ಒಂದು ಭಾಗವನ್ನು ಹಣ್ಣಿಲ್ಲದೆ ಟಿನ್ನಿನ ತಳಕ್ಕೆ ಹರವಿ, ಉಳಿದದ್ದಕ್ಕೆ ಹಣ್ಣು ಕಲಸಿ ಮೇಲೆ ಹಾಕಿ. ಜಾರಿದರೂ ಆ ಪದರದೊಳಗೇ ನಿಲ್ಲುತ್ತದೆ, ತಳ ಹಿಡಿದು ಸೀಯುವುದೂ ತಪ್ಪುತ್ತದೆ. ಕುಕ್ಕರಿನಲ್ಲಿ ಉಪ್ಪು ಹಾಕಿ ಕೇಕ್ ಮಾಡುವವರಿಗಂತೂ ಇದು ಬೇಕೇ ಬೇಕು, ಅಲ್ಲಿ ಬಿಸಿ ತಳದಿಂದಲೇ ಹೆಚ್ಚು ಬರುತ್ತದೆ.

165 ಡಿಗ್ರಿಗೆ ಹದಿನೈದು ನಿಮಿಷ ಕಾಯಿಸಿದ ಓವನ್, ನಡುವಿನ ಅಂತಸ್ತು, 50ರಿಂದ 55 ನಿಮಿಷ. ಮೂವತ್ತೈದನೇ ನಿಮಿಷಕ್ಕೆ ನೋಡಿ, ಮೇಲ್ಮೈಗೆ ಬಣ್ಣ ಬಂದಿದ್ದರೆ ಫಾಯಿಲ್ ಮುಚ್ಚಿ. ಹಣ್ಣಿನ ಸಕ್ಕರೆ ಮೈದಾಗಿಂತ ಬೇಗ ಕರಕಲಾಗುತ್ತದೆ, ಆದ್ದರಿಂದ ಮೇಲೆ ಇಣುಕುವ ಮನೂಕವನ್ನು ಮೊದಲೇ ಚಮಚದಿಂದ ಒಳಗೆ ಒತ್ತಿಬಿಡಿ. ಕಡ್ಡಿ ಚುಚ್ಚಿ ನೋಡುವಾಗ ಎರಡು ಕಡೆ ಚುಚ್ಚಬೇಕು, ಒಂದು ಕಡೆ ಕಡ್ಡಿ ಮನೂಕಕ್ಕೇ ತಗುಲಿದ್ದರೆ ಬೆಂದ ಕೇಕೂ ಬೇಯದಂತೆ ಕಾಣುತ್ತದೆ.

ಮೊಟ್ಟೆ ಹಾಕದ ಕೇಕ್ ಮಾಡುವವರು ಇಷ್ಟು ಹಣ್ಣು ಹಾಕಬಾರದು. ಮೊಸರು ಅಥವಾ ಕಂಡೆನ್ಸ್ಡ್ ಮಿಲ್ಕ್‌ನಿಂದ ಕಟ್ಟಿದ ಕೇಕಿಗೆ ಮೊಟ್ಟೆಯಷ್ಟು ಬಲ ಇರುವುದಿಲ್ಲ. 200 ಗ್ರಾಂ ಮೈದಾಗೆ 80, ಹೆಚ್ಚೆಂದರೆ 100 ಗ್ರಾಂ ಹಣ್ಣು. ಅಲ್ಲಿ ಸೋಡಾ ಹಾಕುವ ರೂಢಿ ಇರುವುದರಿಂದ ಇನ್ನೊಂದು ಪ್ರಶ್ನೆ ಬರುತ್ತದೆ: ಹುಳಿ ಕ್ರ್ಯಾನ್‌ಬೆರಿ ತೆಗೆದು ಸಿಹಿ ಮನೂಕ ಹಾಕಿದರೆ ಸೋಡಾಕ್ಕೆ ಹುಳಿ ಸಾಲದೆ ಹೋಗುವುದೇ? ಇಲ್ಲ. ಹಣ್ಣಿನೊಳಗಿನ ಹುಳಿ ಹಣ್ಣಿನೊಳಗೇ ಉಳಿಯುತ್ತದೆ, ಹಿಟ್ಟು ಉಬ್ಬಿಸುವುದು ಮೊಸರಿನ ಹುಳಿ. ಆದರೆ ಸೋಸಿದ ರಸವನ್ನು ಹಿಟ್ಟಿಗೆ ಹಾಕಿದರೆ ಅದು ಲೆಕ್ಕಕ್ಕೆ ಬರುತ್ತದೆ. ಒಂದು ದೊಡ್ಡ ಚಮಚ ಲಿಂಬೆ ರಸ ಕಾಲು ಟೀ ಚಮಚ ಸೋಡಾವನ್ನು ತಟಸ್ಥ ಮಾಡುತ್ತದೆ. ನಾವು ಹಾಕಿದ್ದು ಒಂದೆರಡು ಟೀ ಚಮಚ, ಅದರಲ್ಲೂ ಬಹುಭಾಗ ಮನೂಕ ಹೀರಿರುತ್ತದೆ, ಚಿಂತೆಯಿಲ್ಲ.

ಸಂತ್ರಾ ಇಲ್ಲದ ಕಾಲಕ್ಕೆ ಚಳಿಗಾಲದಲ್ಲೇ ಸಿಪ್ಪೆ ಕೂಡಿಡಿ. ಒಳಗಿನ ಬಿಳಿಯನ್ನು ಚಮಚದಿಂದ ಕೆರೆದು, ನೆರಳಲ್ಲಿ ಮೂರ್ನಾಲ್ಕು ದಿನ ಒಣಗಿಸಿ, ಸ್ವಲ್ಪ ಸಕ್ಕರೆಯ ಜೊತೆ ಪುಡಿ ಮಾಡಿ ಗಾಜಿನ ಬಾಟಲಿಯಲ್ಲಿಡಿ. ಬಿಸಿಲಿಗೆ ಹಾಕಿದರೆ ಎಣ್ಣೆ ಹಾರಿಹೋಗಿ ಬರೀ ಕಹಿ ಉಳಿಯುತ್ತದೆ. ಎರಡು ಚಮಚ ಹಸಿ ತುರಿಗೆ ಮುಕ್ಕಾಲು ಚಮಚ ಈ ಪುಡಿ. ಎಸೆನ್ಸ್ ಬಳಸಲೇಬೇಕಾದರೆ ಕಾಲು ಟೀ ಚಮಚ, ಅದನ್ನೂ ಬೆಣ್ಣೆ-ಸಕ್ಕರೆ ತಿರುವುವಾಗಲೇ ಹಾಕಿ. ಹೆಚ್ಚು ಹಾಕಿದರೆ ಪೆಪ್ಪರಮೆಂಟಿನ ವಾಸನೆ ಬರುತ್ತದೆ.

ಬೇರೆ ಫ್ಲೇವರ್‌ಗಳ ಮಾತೂ ಇದೇ ದಾರಿಯಲ್ಲಿದೆ. ಚೆರ್ರಿ ಫ್ಲೇವರ್ ಬೇಕಿದ್ದರೆ ಬಾದಾಮಿ ಎಸೆನ್ಸ್ ಎರಡು ಹನಿ ಸಾಕು. ಚೆರ್ರಿಗೂ ಕಹಿ ಬಾದಾಮಿಗೂ ಆ ವಾಸನೆ ಕೊಡುವುದು ಬೆಂಜಾಲ್ಡಿಹೈಡ್ ಎಂಬ ಒಂದೇ ದ್ರವ್ಯ, ಹುಳಿ ಮನೂಕದ ಜೊತೆ ಸೇರಿದಾಗ ಮೂಗು ಚೆರ್ರಿ ಎಂದೇ ಗುರುತಿಸುತ್ತದೆ. ದಾಳಿಂಬೆ ಫ್ಲೇವರ್‌ಗೆ ಬಾಗಲಕೋಟೆಯ ದಾಳಿಂಬೆ ಇದೆಯಲ್ಲ. 250 ಮಿ.ಲೀ. ರಸವನ್ನು 50 ಮಿ.ಲೀ.ಗೆ ಬತ್ತಿಸಿ 150 ಗ್ರಾಂ ಮನೂಕಕ್ಕೆ ಹಿಡಿಸಿ. ದಾಳಿಂಬೆಯ ರುಚಿ ವಾಸನೆಗಿಂತ ಹುಳಿ-ಸಿಹಿಯಲ್ಲೇ ಹೆಚ್ಚು ಇರುವುದರಿಂದ ಇಲ್ಲಿ ಮಾತ್ರ ರಸ ಬತ್ತಿಸುವುದು ಪೂರ್ತಿ ಫಲ ಕೊಡುತ್ತದೆ. ಮಾವಿನ ಫ್ಲೇವರ್‌ಗೆ ಆಂಬಾಪೋಳಿಯನ್ನು (ಮಾವಿನ ರಸ ಒಣಗಿಸಿದ ಹಾಳೆ) ಕತ್ತರಿಯಿಂದ ಸಣ್ಣಗೆ ಕತ್ತರಿಸಿ ಒಣಗಿದ್ದ ಹಾಗೇ ಹಾಕಿ, ನೆನೆಸಿದರೆ ಕರಗುತ್ತದೆ. ಟೂಟಿ ಫ್ರೂಟಿ ಯಾವ ಫ್ಲೇವರ್‌ಗೂ ಬದಲಿಯಲ್ಲ. ಅದು ಪಾಕ ಹಿಡಿಸಿದ ಪಪ್ಪಾಯಿ ಕಾಯಿ, ಹುಳಿ ಇಲ್ಲ, ಜಗಿತ ಇಲ್ಲ, ಬಣ್ಣ ಮಾತ್ರ. ಹಾಕುವುದೇ ಆದರೆ 100 ಗ್ರಾಂಗೆ 15 ಗ್ರಾಂ ಸಕ್ಕರೆ ಕಡಿಮೆ ಮಾಡಿ. ಅಂಗಡಿಯಲ್ಲಿ ಈಗ ಕಾಣುವ ಪಾನ್ ಫ್ಲೇವರ್ ಮನೂಕ, ಚಾಟ್ ಮಸಾಲೆ ಹಚ್ಚಿದ ಒಣ ಮಾವು, ಚಾಕಲೇಟ್ ಲೇಪಿಸಿದ ಮನೂಕ ಇವನ್ನೆಲ್ಲ ತಿನ್ನಲಿಕ್ಕಷ್ಟೇ ಇಟ್ಟುಕೊಳ್ಳಿ. ಮೊದಲನೆಯದರ ತಂಪು ವಾಸನೆ ಇಡೀ ಕೇಕಿಗೆ ಹರಡುತ್ತದೆ, ಎರಡನೆಯದರ ಉಪ್ಪು ಕೇಕಿಗೆ ಹೊಂದುವುದಿಲ್ಲ, ಮೂರನೆಯದರ ಲೇಪ ಕರಗಿ ಟಿನ್ನಿಗೆ ಅಂಟಿ ಸೀಯುತ್ತದೆ.

ಇನ್ನು ನಿಮ್ಮ ಅಳಿಯ ತಂದ ಪ್ಯಾಕೆಟ್. ಮೊದಲು ಹಿಂಬದಿ ಓದಿ. ಪದಾರ್ಥಗಳ ಹೆಸರು ತೂಕದ ಇಳಿಕೆ ಕ್ರಮದಲ್ಲಿರುತ್ತವೆ. ಸಕ್ಕರೆ ಮೊದಲ ಅಥವಾ ಎರಡನೇ ಹೆಸರಾಗಿದ್ದರೆ ಪಾಕದ ಹಣ್ಣು. ಐ.ಎನ್.ಎಸ್. 330 ಇದ್ದರೆ ಸಿಟ್ರಿಕ್ ಆಮ್ಲ ಸೇರಿಸಿದ್ದಾರೆ, ಹುಳಿ ಗಟ್ಟಿ. 422 ಇದ್ದರೆ ಗ್ಲಿಸರಿನ್, ಹಣ್ಣು ಮೆತ್ತಗಿರುತ್ತದೆ, ನೆನೆಸುವುದು ಬೇಡವೇ ಬೇಡ. 202 ಇದ್ದರೆ ಪೊಟ್ಯಾಸಿಯಂ ಸಾರ್ಬೇಟ್. ಬೂಸ್ಟು ಬಾರದಂತೆ ಹಾಕುವ ಇದು ಯೀಸ್ಟನ್ನೂ ಕಟ್ಟಿಹಾಕುತ್ತದೆ. ಬನ್ನಿನ ಮಟ್ಟಿಗೆ ಮುಖ್ಯವಾದ ಅಂಕಿ ಇದೇ.

ನಾನಖಟಾಯಿಗೆ ಧಾರಾಳವಾಗಿ ಹಾಕಬಹುದು, ಆದರೆ ಒಣಗಿದ್ದಂತೆಯೇ. ಅದರ ಹಿಟ್ಟಿನಲ್ಲಿ ನೀರೇ ಇರುವುದಿಲ್ಲ, ತುಪ್ಪದ ಮೇಲೆಯೇ ನಿಂತ ತಿನಿಸು. ತೇವದ ಹಣ್ಣು ಬಿದ್ದರೆ ಆ ಜಾಗ ಗರಿಮುರಿ ಕಳೆದುಕೊಂಡು ಮೆತ್ತಗಾಗುತ್ತದೆ. 200 ಗ್ರಾಂ ಮೈದಾ, 110 ಗ್ರಾಂ ತುಪ್ಪ, 85 ಗ್ರಾಂ ಪುಡಿ ಸಕ್ಕರೆಗೆ 40 ಗ್ರಾಂ ಕ್ರ್ಯಾನ್‌ಬೆರಿ. ಸಾಮಾನ್ಯ 100 ಗ್ರಾಂ ಸಕ್ಕರೆಯಿಂದ 15 ಗ್ರಾಂ ಇಳಿಸಿದ್ದೇನೆ. ಹಣ್ಣನ್ನು ಕಡಲೆಬೇಳೆ ಗಾತ್ರಕ್ಕೆ ಹೆಚ್ಚಿ, ಅರ್ಧ ಚಮಚ ತುಪ್ಪ ಸವರಿ, ಕೊನೆಗೆ ಕಲಸಿ. ಉಂಡೆ ಕಟ್ಟುವಾಗ ಚೂರು ಹೊರಗೆ ಕಾಣದಂತೆ ನೋಡಿಕೊಳ್ಳಿ. 160 ಡಿಗ್ರಿ, 18ರಿಂದ 20 ನಿಮಿಷ. ಸೋಡಾ ಮಾತ್ರ ಹಾಕಬೇಡಿ. ಕ್ರ್ಯಾನ್‌ಬೆರಿಯ ಕೆಂಪು ಬಣ್ಣ ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ-ಹಸಿರು. ಸೋಡಾ ಹಾಕಿದ ಹಿಟ್ಟಿನಲ್ಲಿ ಪ್ರತಿ ಚೂರಿನ ಸುತ್ತ ಬೂದು-ನೀಲಿ ಕಲೆ ಬಿದ್ದು, ಬೂಸ್ಟು ಹಿಡಿದಿದೆಯೇನೋ ಅನ್ನಿಸುತ್ತದೆ. ತಿಂದರೆ ತೊಂದರೆಯಿಲ್ಲ, ಆದರೆ ಅತಿಥಿಗಳ ಮುಂದಿಡಲು ಮನಸ್ಸಾಗದು. ಬದಲಿಗೆ ಅರ್ಧ ಟೀ ಚಮಚ ಬೇಕಿಂಗ್ ಪೌಡರ್ ಹಾಕಿ. ಸ್ಟ್ರಾಬೆರಿ ವಾಸನೆ ಬೆಂದ ಮೇಲೆ ಬಹಳ ಉಳಿಯುತ್ತದೆಂದು ನಂಬಬೇಡಿ, ಅದು ಬಿಸಿಗೆ ಬೇಗ ಹಾರುವ ವಾಸನೆ. ಏಲಕ್ಕಿಯನ್ನು ಅರ್ಧಕ್ಕೆ ಇಳಿಸಿದರೆ ಉಳಿದಷ್ಟಾದರೂ ತಿಳಿಯುತ್ತದೆ.

ಬನ್ನಿಗೆ 500 ಗ್ರಾಂ ಮೈದಾ, 7 ಗ್ರಾಂ ಇನ್‌ಸ್ಟಂಟ್ ಯೀಸ್ಟ್ ಲೆಕ್ಕದಲ್ಲಿ 100 ಗ್ರಾಂ ಹಣ್ಣು. ಹಿಟ್ಟಿನ ಸಕ್ಕರೆ 60 ಗ್ರಾಂ ಇದ್ದರೆ 45ಕ್ಕೆ ಇಳಿಸಿ. ಪ್ಯಾಕೆಟ್ಟಿನಲ್ಲಿ 202 ಇದ್ದರೆ ಹಣ್ಣನ್ನು ಬಿಸಿನೀರಿನಲ್ಲಿ ಒಮ್ಮೆ ಅಲುಬಿ, ಚೆನ್ನಾಗಿ ಒರೆಸಿ. ಇರಲಿ ಇಲ್ಲದಿರಲಿ, ಮೊದಲ ಸಲ ಹಿಟ್ಟು ಉಬ್ಬುವಾಗ ಹಣ್ಣು ಹಾಕಲೇಬೇಡಿ. ಹಿಟ್ಟು ದುಪ್ಪಟ್ಟಾದ ಮೇಲೆ ಹರವಿ, ಹಣ್ಣು ಉದುರಿಸಿ, ಚಪಾತಿ ಮಡಿಸಿದಂತೆ ಮೂರ್ನಾಲ್ಕು ಸಲ ಮಡಿಸಿ ಉಂಡೆ ಮಾಡಿ. ಮೊದಲೇ ಹಾಕಿ ನಾದಿದರೆ ಹಣ್ಣು ಹರಿದು ಸಕ್ಕರೆ-ಹುಳಿ ಹಿಟ್ಟಿಗೆ ಬಿಡುತ್ತದೆ, ಹಿಟ್ಟು ಕೈಗಂಟುತ್ತದೆ, ಉಬ್ಬುವುದೂ ನಿಧಾನ. ಎರಡನೇ ಸಲ ಉಬ್ಬಲು ಮನೂಕದ ಬನ್ನಿಗಿಂತ ಹದಿನೈದಿಪ್ಪತ್ತು ನಿಮಿಷ ಹೆಚ್ಚು ಬಿಡಿ. ಗಡಿಯಾರ ನೋಡದೆ ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ, ತಗ್ಗು ನಿಧಾನವಾಗಿ ಅರ್ಧ ಮೇಲೆದ್ದರೆ ಓವನ್ನಿಗೆ ಸಿದ್ಧ. ದಾಲ್ಚಿನ್ನಿ ಫ್ಲೇವರ್‌ನ ಮನೂಕವನ್ನು ನಕಲು ಮಾಡುವವರೂ ಇದೇ ಎಚ್ಚರ ವಹಿಸಬೇಕು. ದಾಲ್ಚಿನ್ನಿ ಹೆಚ್ಚಾದರೆ ಯೀಸ್ಟ್ ಮಂಕಾಗುತ್ತದೆ, ಹಿಟ್ಟಿಗೆ ಒಂದು ಟೀ ಚಮಚ ಮೀರಿಸದೆ ಉಳಿದದ್ದನ್ನು ಬೆಣ್ಣೆಯಲ್ಲಿ ಕಲಸಿ ಮಡಿಕೆಯ ಒಳಗೆ ಸವರಿ.

ಕಿತ್ತಳೆ ರಸ ಹಿಡಿಸಿದ ಮನೂಕ ಉಳಿದರೆ ಹೊರಗಿಡಬೇಡಿ. ಒಣಗಿದ ಮನೂಕದ ಬಾಳಿಕೆ ಅದಕ್ಕೆ ಇರುವುದಿಲ್ಲ, ಫ್ರಿಜ್ಜಿನಲ್ಲಿ ಒಂದು ವಾರ. ಕೇಕ್ ವಿಜಯಪುರದಲ್ಲಿ ಬಿಗಿ ಡಬ್ಬಿಯಲ್ಲಿ ಮೂರು ದಿನ ಚೆನ್ನಾಗಿರುತ್ತದೆ, ಬೆಳಗಾವಿಯ ಮಳೆಯಲ್ಲಿ ಎರಡೇ ದಿನ. ಮಾಡಿದ ದಿನಕ್ಕಿಂತ ಮರುದಿನ ಕತ್ತರಿಸಿ. ರಾತ್ರಿ ಕಳೆಯುವುದರೊಳಗೆ ಮನೂಕದ ತೇವ ಒಳಮೈಗೆ ಸಮವಾಗಿ ಹರಡಿ, ತುಂಡು ಉದುರದೆ ನಿಲ್ಲುತ್ತದೆ.